ಎರಡು ಮನೆಗಳಲ್ಲಿ ಬೆಳೆಯುವ ಮಗುವಿಗೆ ಮನೆಗೆಲಸದ ಹೊಣೆ: ಪೋಷಕರಿಗೆ ಮಾಹಿತಿ

ಈ ಮಾಹಿತಿ ಯಾರಿಗಾಗಿ

ವಿಚ್ಛೇದನದ ನಂತರ ಮಗುವಿನ ಪಾಲನೆಯನ್ನು ತಂದೆ ತಾಯಿಗಳಿಬ್ಬರೂ ಹಂಚಿಕೊಂಡಿದ್ದು, ಅವರಲ್ಲೊಬ್ಬರು ಅಥವಾ ಇಬ್ಬರೂ ಮರುವಿವಾಹವಾಗಿರುವ ಕುಟುಂಬಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಸುಮಾರು 9ರಿಂದ 12 ವರ್ಷದ ಮಕ್ಕಳನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಳ್ಳಲಾಗಿದೆ. ಈ ವಯಸ್ಸಿನ ಮಗು ತನ್ನ ತಟ್ಟೆ ತೊಳೆಯಬಲ್ಲದು, ಹಾಸಿಗೆ ಮಡಚಬಲ್ಲದು. ಒಂದು ಮನೆಯಲ್ಲಿ ನಡೆದುದನ್ನು ಇನ್ನೊಂದು ಮನೆಯಲ್ಲಿ ವಿವರವಾಗಿ ಹೇಳಲೂ ಬಲ್ಲದು. "ಚಿಕ್ಕಮ್ಮ ಪಾತ್ರೆ ತೊಳೆಸಿದರು" ಎಂಬ ಒಂದೇ ಮಾತು ಪಾಲನೆಯ ಆದೇಶವನ್ನು ಬದಲಿಸಬೇಕೆಂಬ ಅರ್ಜಿಗೆ ಕಾರಣವಾಗಬಹುದು. ಈ ಭಯದಿಂದ ಮಗುವಿಗೆ ಯಾವ ಕೆಲಸವನ್ನೂ ಹೇಳದಿರುವ ಮನೆಗಳೂ ಉಂಟು. ಅಂತಹ ಮನೆಯಲ್ಲಿ ಮಗು ಬಂದು ಹೋಗುವ ನೆಂಟನಂತೆ ಉಳಿದುಬಿಡುತ್ತದೆ.

ಕಾನೂನಿನ ಸ್ಥಿತಿ

ಜಂಟಿ ಪಾಲನೆಗೆ ದೇಶದಲ್ಲಿ ಪ್ರತ್ಯೇಕ ಶಾಸನವಿಲ್ಲ. ಭಾರತದ ಕಾನೂನು ಆಯೋಗವು 2015ರಲ್ಲಿ ತನ್ನ 257ನೇ ವರದಿಯ ಮೂಲಕ ಇದಕ್ಕಾಗಿ ಶಿಫಾರಸು ಮಾಡಿತು. ಸದ್ಯಕ್ಕೆ ನ್ಯಾಯಾಲಯಗಳು ಪ್ರತಿ ಪ್ರಕರಣದಲ್ಲಿ ಮಗುವಿನ ಹಿತವನ್ನು ಪರಿಗಣಿಸಿ ಆದೇಶ ನೀಡುತ್ತವೆ. ಕರ್ನಾಟಕ ಉಚ್ಚ ನ್ಯಾಯಾಲಯವು 2013ರ ಒಂದು ಪ್ರಕರಣದಲ್ಲಿ ಮಗುವು ವರ್ಷದ ಮೊದಲ ಆರು ತಿಂಗಳು ತಂದೆಯ ಬಳಿ, ನಂತರದ ಆರು ತಿಂಗಳು ತಾಯಿಯ ಬಳಿ ಇರುವಂತೆ ಆದೇಶಿಸಿತು. ಶಾಲಾ ದಿನಗಳಲ್ಲಿ ಒಬ್ಬರ ಬಳಿ, ವಾರಾಂತ್ಯ ಹಾಗೂ ದಸರಾ ಮತ್ತು ಬೇಸಿಗೆ ರಜೆಯ ಒಂದು ಭಾಗದಲ್ಲಿ ಇನ್ನೊಬ್ಬರ ಬಳಿ ಇರುವ ಏರ್ಪಾಡೂ ಇದೆ.

ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಅಧಿನಿಯಮ, 1956ರ 6ನೇ ಪ್ರಕರಣದ ವಿವರಣೆಯ ಪ್ರಕಾರ 'ತಂದೆ', 'ತಾಯಿ' ಎಂಬ ಪದಗಳಲ್ಲಿ ಮಲತಂದೆ, ಮಲತಾಯಿ ಸೇರುವುದಿಲ್ಲ. ಅಂದರೆ ಸದರಿ ಅಧಿನಿಯಮದಡಿ ಅವರು ಮಗುವಿನ ಸ್ವಾಭಾವಿಕ ಪಾಲಕರಲ್ಲ. ಕಾನೂನುಬದ್ಧವಾಗಿ ದತ್ತು ಪಡೆದಲ್ಲಿ ಅಥವಾ ನ್ಯಾಯಾಲಯವು ಪಾಲಕರನ್ನಾಗಿ ನೇಮಿಸಿದಲ್ಲಿ ಮಾತ್ರ ಅವರಿಗೆ ಬೇರೆ ಸ್ಥಾನ ದೊರೆಯುತ್ತದೆ. ಆದರೆ ಮಗುವಿಗೆ ಬಡಿಸುವವರು, ಶಾಲೆಗೆ ಹೊರಡಿಸುವವರು ಎಷ್ಟೋ ದಿನ ಅವರೇ ಆಗಿರುತ್ತಾರೆ.

ಕೆಲಸ ಹೇಳಬೇಕಾದವರು ಯಾರು

ಮೊದಲು ಹೆತ್ತವರೇ ಹೇಳಬೇಕು. ತಂದೆಯ ಮನೆಯಾದರೆ ತಂದೆ, ತಾಯಿಯ ಮನೆಯಾದರೆ ತಾಯಿ. ನಿಯಮವನ್ನು ಹೆತ್ತವರು ಮಗುವಿನೆದುರಿಗೆ ಹೇಳಿ, ತಾನಿಲ್ಲದಾಗ ಅದನ್ನು ನೆನಪಿಸುವವರು ಯಾರೆಂಬುದನ್ನೂ ತಿಳಿಸಿದರೆ, ಮಲತಾಯಿ ಅಥವಾ ಮಲತಂದೆ ಹೊಸದಾಗಿ ಆಜ್ಞೆ ಮಾಡಬೇಕಾಗಿ ಬರುವುದಿಲ್ಲ. ತಂದೆಯಾದವರು ಬೆಳಿಗ್ಗೆ ಕೆಲಸಕ್ಕೆ ಹೊರಟುಹೋಗಿ, ಶಿಸ್ತಿನ ಭಾರವನ್ನೆಲ್ಲ ಹೊಸ ಹೆಂಡತಿಯ ಮೇಲೆ ಹಾಕುವುದೇ ಬಹಳಷ್ಟು ಮನಸ್ತಾಪಗಳ ಮೂಲ. ಪತ್ರಿಕೆಗಳು ಅನುದಾನದ ಸುದ್ದಿಗೂ 'ಮಲತಾಯಿ ಧೋರಣೆ' ಎಂದೇ ಬರೆಯುತ್ತವೆ; ಆ ಮಾತನ್ನು ಕೇಳುತ್ತ ಬೆಳೆದ ಮಗು ಮೊದಲ ದಿನವೇ ಅನುಮಾನದಿಂದ ನೋಡಿದರೆ ಅದು ಮಗುವಿನ ತಪ್ಪಲ್ಲ.

ಆರಂಭದ ತಿಂಗಳುಗಳಲ್ಲಿ ಕೆಲಸ ಹೇಳುವುದಕ್ಕಿಂತ ಜೊತೆಯಲ್ಲಿ ಮಾಡುವುದು ಸುಲಭ. ಅವರೆಕಾಯಿ ಬಿಡಿಸುವುದು, ಒಣಗಿದ ಬಟ್ಟೆ ಮಡಚುವುದು, ಸೊಪ್ಪು ಸೋಸುವುದು ಎದುರುಬದುರು ಕುಳಿತು ಮಾಡಬಹುದಾದ ಕೆಲಸಗಳು. ಮಾತು ತಾನಾಗಿ ಬರುತ್ತದೆ. 'ಅಮ್ಮ' ಅಥವಾ 'ಅಪ್ಪ' ಎಂದೇ ಕರೆಯಬೇಕೆಂಬ ಒತ್ತಾಯ ಬೇಡ. ಚಿಕ್ಕಮ್ಮ, ಆಂಟಿ, ಅಂಕಲ್ ಎಂಬುದರಲ್ಲಿ ಮಗುವಿಗೆ ಯಾವುದು ಬರುತ್ತದೆಯೋ ಅದು ಸಾಕು.

ಯಾವ ಕೆಲಸ

ತನ್ನ ವಸ್ತುಗಳ ಹೊಣೆ ಮೊದಲು: ಹಾಸಿಗೆ, ಸಮವಸ್ತ್ರ, ಊಟದ ಡಬ್ಬಿ, ಶಾಲೆಯ ಚೀಲ. ಇದು ರೂಢಿಯಾದ ಮೇಲೆ ಮನೆಯವರೆಲ್ಲರಿಗೂ ಸಂಬಂಧಿಸಿದ ಒಂದು ಕೆಲಸ, ಒಂದೇ ಒಂದು. ವಾರಕ್ಕೆ ಎರಡು ದಿನ ಮಾತ್ರ ಬರುವ ಮಗುವಿಗೆ ನಿತ್ಯದ ಕೆಲಸವನ್ನು ವಹಿಸಿದರೆ ಉಳಿದ ಐದು ದಿನ ಅದನ್ನು ಬೇರೆ ಯಾರೋ ಮಾಡಬೇಕಾಗುತ್ತದೆ. ಆ ಮನೆಯಲ್ಲಿಯೇ ಇರುವ ತಮ್ಮನೋ ತಂಗಿಯೋ ಅದನ್ನು ತನ್ನದೆಂದುಕೊಂಡು ಶನಿವಾರ ಜಗಳಕ್ಕೆ ನಿಲ್ಲುವುದು ಸಹಜ. ಆದ್ದರಿಂದ ಮಗು ಬರುವ ದಿನಕ್ಕೇ ಹೊಂದುವ ಕೆಲಸವನ್ನು ಆರಿಸಬೇಕು. ವಾರದ ಒಣ ಕಸವನ್ನು ವಿಂಗಡಿಸುವುದು, ಸಂತೆಯಿಂದ ತಂದ ತರಕಾರಿ ಜೋಡಿಸುವುದು, ಭಾನುವಾರ ಎಲ್ಲರಿಗೂ ತಟ್ಟೆ ಲೋಟ ಹಾಕುವುದು ಇಂತಹವು.

ಎರಡೂ ಮನೆಗಳ ಪದ್ಧತಿ ಒಂದೇ ಆಗಿರಬೇಕೆಂದಿಲ್ಲ. ಒಂದು ಮನೆಯಲ್ಲಿ ತಟ್ಟೆ ತೊಳೆದಿಡುವ ರೂಢಿ, ಇನ್ನೊಂದರಲ್ಲಿ ಬಚ್ಚಲಿಗೆ ಇಡುವ ರೂಢಿ ಇರಬಹುದು. ಆದರೆ "ನಿಮ್ಮಮ್ಮ ಇದನ್ನೂ ಕಲಿಸಿಲ್ಲವೇ?" ಎಂಬ ಮಾತನ್ನು ಯಾರೂ, ಅಜ್ಜಿ ತಾತಂದಿರೂ ಸೇರಿದಂತೆ, ಆಡತಕ್ಕದ್ದಲ್ಲ. ಆ ಮಾತಿನ ನಂತರ ಮಗುವಿಗೆ ಕೆಲಸವೆಂದರೆ ತಾಯಿಯ ಪರವೋ ವಿರುದ್ಧವೋ ಎಂಬ ಪ್ರಶ್ನೆಯಾಗಿಬಿಡುತ್ತದೆ.

ಪುಸ್ತಕ, ಸಮವಸ್ತ್ರಗಳನ್ನು ಇನ್ನೊಂದು ಮನೆಯಲ್ಲಿ ಮರೆತುಬರುವುದು ಸಾಮಾನ್ಯ ದೂರು. ಮಗುವಿನ ಕೈಯಲ್ಲೇ ಒಂದು ಪಟ್ಟಿ ಬರೆಸಿ ಬೀರುವಿನ ಬಾಗಿಲ ಒಳಬದಿಗೆ ಅಂಟಿಸಬಹುದು. ಸಾಧ್ಯವಿದ್ದಲ್ಲಿ ಹಲ್ಲುಜ್ಜುವ ಬ್ರಷ್, ಚಪ್ಪಲಿ, ಜ್ಯಾಮಿಟ್ರಿ ಪೆಟ್ಟಿಗೆಗಳನ್ನು ಎರಡೂ ಕಡೆ ಇಡಬೇಕು. ಎರಡು ಮನೆಯ ಏರ್ಪಾಡು ದೊಡ್ಡವರು ಮಾಡಿದ್ದು. ಅದರ ಅನಾನುಕೂಲಕ್ಕೆ ಮಗುವನ್ನು ದಂಡಿಸುವುದು ನ್ಯಾಯವಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಹೊಸ ಮದುವೆಯಿಂದ ಜನಿಸಿದ ಕೂಸನ್ನು ಗಂಟೆಗಟ್ಟಲೆ ನೋಡಿಕೊಳ್ಳುವುದು ಹತ್ತು ವರ್ಷದ ಹುಡುಗಿಯ ಪಾಲಿನ ಕೆಲಸವಲ್ಲ. ಮನೆಯ ಗಂಡುಮಗುವಿಗೂ ಅಷ್ಟೇ ಪಾಲು ಇರಬೇಕು. ಗ್ಯಾಸ್ ಒಲೆ, ಕುಕ್ಕರ್, ಸಂಪಿನ ಮುಚ್ಚಳ, ಆ್ಯಸಿಡ್ ಇವುಗಳಿಗೆ ಸಂಬಂಧಿಸಿದ ಕೆಲಸಗಳನ್ನು ಮಕ್ಕಳಿಗೆ ವಹಿಸಬಾರದು.

ಮಾಡಬಾರದ ಸಂಗತಿಗಳು

"ಕೆಲಸ ಮುಗಿಸದಿದ್ದರೆ ಈ ಭಾನುವಾರ ಅಪ್ಪನ ಬಳಿ ಕಳುಹಿಸುವುದಿಲ್ಲ" ಎನ್ನುವಂತಿಲ್ಲ. ಭೇಟಿಯು ನ್ಯಾಯಾಲಯದ ಆದೇಶದಂತೆ ನಡೆಯತಕ್ಕದ್ದು; ಅದನ್ನು ಬಹುಮಾನವಾಗಿಯೂ ಶಿಕ್ಷೆಯಾಗಿಯೂ ಬಳಸಿದರೆ ಆದೇಶದ ಉಲ್ಲಂಘನೆಯಾಗುತ್ತದೆ.

ಮಲತಂದೆಯ ಅಂಗಡಿ, ಹೋಟೆಲು ಅಥವಾ ಕಾರ್ಯಾಗಾರದಲ್ಲಿ ಮಗುವನ್ನು ದುಡಿಸುವುದು ಮನೆಗೆಲಸವೆನಿಸುವುದಿಲ್ಲ. 14 ವರ್ಷದೊಳಗಿನವರ ದುಡಿಮೆಯನ್ನು 1986ರ ಬಾಲಕಾರ್ಮಿಕ ಕಾಯ್ದೆಯು 2016ರ ತಿದ್ದುಪಡಿಯ ನಂತರ ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿದೆ. ಶಾಲಾ ಸಮಯದ ನಂತರ ಕುಟುಂಬಕ್ಕೆ ನೆರವಾಗಲು ವಿನಾಯಿತಿ ಇದೆಯಾದರೂ, ಅದಕ್ಕಾಗಿ ನೀಡಿರುವ 'ಕುಟುಂಬ'ದ ವಿವರಣೆಯಲ್ಲಿ ಮಲತಂದೆ, ಮಲತಾಯಿಯ ಉಲ್ಲೇಖವಿಲ್ಲ. ಮಗುವನ್ನು ತಮ್ಮ ವಶದಲ್ಲಿಟ್ಟುಕೊಂಡವರು ಯಾರೇ ಆಗಿರಲಿ, ಹೊಡೆದರೆ ಅಥವಾ ಅನವಶ್ಯಕ ದೈಹಿಕ, ಮಾನಸಿಕ ಯಾತನೆಗೆ ಗುರಿಪಡಿಸಿದರೆ ಬಾಲನ್ಯಾಯ ಕಾಯ್ದೆ, 2015ರ 75ನೇ ಪ್ರಕರಣದಡಿ ಮೂರು ವರ್ಷದವರೆಗೆ ಕಾರಾಗೃಹ ಶಿಕ್ಷೆ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಭಿನ್ನಾಭಿಪ್ರಾಯ ಉಂಟಾದಲ್ಲಿ

ಎರಡು ಮನೆಗಳ ನಡುವೆ ಒಪ್ಪಂದ ಸಾಧ್ಯವಾಗದಿದ್ದಲ್ಲಿ, ಪಾಲನೆಯ ಆದೇಶ ನೀಡಿದ ನ್ಯಾಯಾಲಯಕ್ಕೆ ಆದೇಶದ ಪ್ರತಿಯೊಂದಿಗೆ ಅರ್ಜಿ ಸಲ್ಲಿಸಬಹುದು. ಕುಟುಂಬ ನ್ಯಾಯಾಲಯಗಳ ಅಧಿನಿಯಮ, 1984ರ ಪ್ರಕಾರ ಮೊದಲು ರಾಜಿಗೆ ಪ್ರಯತ್ನಿಸಲಾಗುತ್ತದೆ. ಮಹಿಳೆಯರು ಮತ್ತು ಮಕ್ಕಳು ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಲು ಅರ್ಹರು. ಮಗುವಿಗೆ ಹಿಂಸೆಯಾಗುತ್ತಿದ್ದಲ್ಲಿ ಅರ್ಜಿಗಾಗಿ ಕಾಯದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಮಗುವೇ ಕರೆ ಮಾಡಬಹುದು.

ಮಗುವಿನಿಂದ ದೂರು ಪತ್ರ ಬರೆಯಿಸಿ ಅಥವಾ ಮೊಬೈಲಿನಲ್ಲಿ ಮಾತನಾಡಿಸಿ ಚಿತ್ರೀಕರಿಸಿ ಅರ್ಜಿಗೆ ಲಗತ್ತಿಸಬಾರದೆಂದು ಕೋರಲಾಗಿದೆ. ತಿಳಿವಳಿಕೆಯಿಂದ ಅಭಿಪ್ರಾಯ ಹೇಳುವಷ್ಟು ವಯಸ್ಸಾದ ಮಗುವಿನ ಇಚ್ಛೆಯನ್ನು ಪರಿಗಣಿಸುವ ಅಧಿಕಾರ ನ್ಯಾಯಾಲಯಕ್ಕೆ ಇದ್ದು, ಅಗತ್ಯವೆನಿಸಿದಲ್ಲಿ ನ್ಯಾಯಾಧೀಶರೇ ಮಗುವಿನೊಡನೆ ಮಾತನಾಡಬಹುದಾಗಿದೆ.