ಆಯ್ದಕ್ಕಿ ಲಕ್ಕಮ್ಮನವರ ಧರ್ಮವಿವೇಕ

12ನೆಯ ಶತಮಾನದ ಕಲ್ಯಾಣದಲ್ಲಿ ಕಾಯಕ ಮತ್ತು ದಾಸೋಹಗಳು ಶರಣಜೀವನದ ಎರಡು ಕಣ್ಣುಗಳಾಗಿದ್ದವು. ಇವೆರಡರ ನಡುವೆಯೇ ಧರ್ಮಸೂಕ್ಷ್ಮವೊಂದು ತಲೆದೋರಿದರೆ ಯಾವುದನ್ನು ಹಿಡಿಯಬೇಕು? ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವು ಇದಕ್ಕೆ ಉತ್ತರವಾಗಿದೆ.

ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಹೆಚ್ಚು ಅಕ್ಕಿಯೆಂದರೆ ಹೆಚ್ಚು ಜನರಿಗೆ ಪ್ರಸಾದ. ಫಲವನ್ನಷ್ಟೇ ಎಣಿಸುವವರಿಗೆ ಇದು ಪುಣ್ಯವೇ ಸರಿ. ಲಕ್ಕಮ್ಮನವರಾದರೋ ಅಗತ್ಯಕ್ಕೆ ಮೀರಿದುದು ಆಸೆಯೆಂದು ಬಗೆದು, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಪತಿಗೆ ತಿಳಿಹೇಳಿದರು.

ಹಾಗೆಂದು ಅವರು ಹಸಿದವರ ಹಿತವನ್ನು ಕಡೆಗಣಿಸಲಿಲ್ಲ. ಉಳಿದ ಅಕ್ಕಿಯಲ್ಲಿಯೇ ಶರಣಸಮೂಹ ತೃಪ್ತಿಗೊಂಡಿತೆಂದು ಪರಂಪರೆ ಹೇಳುತ್ತದೆ. ಪರಹಿತವೆಂಬ ಹೆಸರಿನಲ್ಲಿ ಆಸೆ ಒಳಹೊಕ್ಕರೆ ಕಾಯಕವೇ ಕೆಡುತ್ತದೆ. ಕಾಯಕ ಕೆಟ್ಟ ಮೇಲೆ ದಾಸೋಹಕ್ಕೆ ಬುಡವೆಲ್ಲಿ?

ಆದುದರಿಂದ ಕಾಣಿಕೆ ಸಲ್ಲಿಸುವ ಭಕ್ತರೂ ಸ್ವೀಕರಿಸುವ ಮಠಗಳೂ ‘ಇದು ಯಾರಿಗೆ ಸಲ್ಲುವುದು’ ಎಂಬುದರೊಡನೆ ‘ಇದು ಹೇಗೆ ಬಂದುದು’ ಎಂಬುದನ್ನೂ ಕೇಳಿಕೊಳ್ಳಬೇಕು.