ಓ, ಯು, ಜಿ, ಎಚ್: ನಾಲಗೆ ಬಿಟ್ಟ ಅಕ್ಷರಗಳು

ಇಂಗ್ಲಿಷಿನಲ್ಲಿ ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಇದೇ ಸಾಲಿನಲ್ಲಿ ಬರುವ ಪದಗಳು ಹಲವು. ಗಟ್ಟಿ ಎನ್ನುವ ಟಫ್, ಕೆಮ್ಮು ಎನ್ನುವ ಕಾಫ್, ಆದರೂ ಎನ್ನುವ ದೋ, ಮೂಲಕ ಎನ್ನುವ ಥ್ರೂ, ಮರದ ಕೊಂಬೆಗೆ ಬೌ, ಆಲೋಚನೆಗೆ ಥಾಟ್, ಪಟ್ಟಣಕ್ಕೆ ಬ್ರಿಟಿಷರ ಬಾಯಲ್ಲಿ ಬರ. ಕಾಗುಣಿತ ಒಂದೇ, ಸದ್ದು ಏಳು. ಸ್ಲೌ ಎಂದರೆ ಕೆಸರುಗುಂಡಿ. ಅದೇ ಅಕ್ಷರಗಳನ್ನು ಸ್ಲಫ್ ಎಂದು ಓದಿದರೆ ಹಾವು ಕಳಚಿದ ಪೊರೆ.

ಈ ಗೊಂದಲಕ್ಕೆ ಕಾರಣ ಸತ್ತುಹೋದ ಒಂದು ಧ್ವನಿ. ಹಳೆಯ ಇಂಗ್ಲಿಷಿನಲ್ಲಿ ಗಂಟಲನ್ನು ಉಜ್ಜಿಕೊಂಡು ಬರುವ, ಖ್ ಎಂಬುದಕ್ಕೆ ಹತ್ತಿರದ ಸದ್ದೊಂದಿತ್ತು. ಜರ್ಮನ್ನರು ಅದನ್ನು ಇಂದಿಗೂ ಬಿಟ್ಟಿಲ್ಲ: ಇಂಗ್ಲಿಷಿನ ದೋ ಅವರಲ್ಲಿ ಡೋಖ್, ಡಾಟರ್ ಅವರಲ್ಲಿ ಟೋಖ್ಟರ್. ಸ್ಕಾಟ್ಲೆಂಡಿನವರು ಸರೋವರವನ್ನು ಲೋಖ್ ಎನ್ನುವಾಗಲೂ ಕೇಳುವುದು ಅದೇ ಸದ್ದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಲಿಪಿಕಾರರು ಈ ಧ್ವನಿಗೆ ಜಿ-ಎಚ್ ಜೋಡಿಯನ್ನು ರೂಢಿಗೆ ತಂದರು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ ನಂತರ ಅಚ್ಚಿನ ಮೊಳೆಗಳು ಕಾಗುಣಿತವನ್ನು ಹಿಡಿದು ನಿಲ್ಲಿಸಿದವು. ನಾಲಗೆ ಮಾತ್ರ ನಿಲ್ಲಲಿಲ್ಲ. ಕೆಲವು ಪದಗಳಲ್ಲಿ ಗಂಟಲಿನ ಸದ್ದು ತುಟಿಗೆ ಬಂದು ಫ್ ಆಯಿತು. ಟಫ್, ರಫ್, ಇನಫ್ ಹುಟ್ಟಿದ್ದು ಹೀಗೆ. ಉಳಿದವುಗಳಲ್ಲಿ ಅದು ಪೂರ್ತಿ ಅಳಿಯಿತು. ಅದರ ಹಿಂದಿನ ಸ್ವರಗಳೂ ಆ ಶತಮಾನಗಳಲ್ಲಿ ದಿಕ್ಕಿಗೊಂದರಂತೆ ಬದಲಾದವು.

ಹಾಗೆಂದು ಉಚ್ಚಾರವಿಲ್ಲದ ಜಿ-ಎಚ್ ವ್ಯರ್ಥವೆನ್ನಲಾಗದು. ಪದದ ನೆಂಟಸ್ತಿಕೆ ಅಡಗಿರುವುದೇ ಅಲ್ಲಿ. ಕಲಸಿದ ಹಿಟ್ಟಿಗೆ, ಅಂದರೆ ಕಣಕಕ್ಕೆ, ಇಂಗ್ಲಿಷಿನಲ್ಲಿ ಡೋ ಎನ್ನುತ್ತಾರೆ. ನಾದುವುದು, ಮೆತ್ತಿ ರೂಪ ಕೊಡುವುದು ಎಂಬ ಇಂಡೋ-ಯುರೋಪಿಯನ್ ಧಾತು ಇದರ ಮೂಲ. ಸಂಸ್ಕೃತದ ದೇಹ ಶಬ್ದವೂ ಅದೇ ಧಾತುವಿನಿಂದ ಬಂದದ್ದು. ಲೇಡಿ ಎಂಬ ಮಾತಿನ ಹಳೆಯ ರೂಪಕ್ಕೆ ರೊಟ್ಟಿಗೆ ಹಿಟ್ಟು ನಾದುವವಳು ಎಂದು ಅರ್ಥ. ಅವಳೂ ಇದೇ ಮನೆತನದವಳು. ಕೊಂಬೆಯ ಬೌ ಮೊದಲು ಹೆಗಲಿಗೂ ಸಲ್ಲುತ್ತಿದ್ದ ಪದ, ಸಂಸ್ಕೃತದ ಬಾಹುವಿಗೆ ಸೋದರ. ದೇಹ, ಬಾಹು ಎನ್ನುವಾಗ ಕನ್ನಡಿಗರು ಸ್ಪಷ್ಟವಾಗಿ ನುಡಿಯುವ ಹಕಾರವೂ ಇಂಗ್ಲಿಷರು ಬರೆದು ನುಡಿಯದ ಜಿ-ಎಚ್ಚೂ ಒಂದೇ ಪ್ರಾಚೀನ ವ್ಯಂಜನದ ಎರಡು ಕವಲುಗಳು. ಇಂಥ ಸಂಬಂಧವನ್ನು ತೋರಿಸಿಕೊಡುವ ಕಾಗುಣಿತವನ್ನು ಬರಿಯ ಹೊರೆ ಎನ್ನುವುದು ಅನ್ಯಾಯ.

ಥ್ರೂ ಮತ್ತು ಥರೋ ಎರಡೂ ಮೂಲದಲ್ಲಿ ಒಂದೇ ಪದ. ಆಚೆಯಿಂದೀಚೆಗೆ ಹಾದುಹೋದದ್ದು ಥರೋ, ಅಂದರೆ ಕೂಲಂಕಷ.

ಈ ಗುಂಪಿಗೆ ಹೊರಗಿನಿಂದ ಸೇರಿಕೊಂಡ ಪದವೂ ಇದೆ. ಬಿಕ್ಕಳಿಕೆಯ ಸದ್ದನ್ನೇ ಅನುಕರಿಸಿ ಹುಟ್ಟಿದ ಹಿಕ್ಕಪ್‌ಗೂ ಕೆಮ್ಮಿನ ಕಾಫ್‌ಗೂ ಸಂಬಂಧವಿದೆಯೆಂದು ಭ್ರಮಿಸಿದವರು ಅದರ ಕೊನೆಗೆ ಈ ನಾಲ್ಕು ಅಕ್ಷರ ಅಂಟಿಸಿದರು. ಹಾಗೆ ಬರೆದರೂ ಓದುವುದು ಹಿಕ್ಕಪ್ ಎಂದೇ.

ಕನ್ನಡ ಹಿಡಿದ ದಾರಿ ಬೇರೆ. ಹಳಗನ್ನಡದ ೞ ಎಂಬ ಧ್ವನಿ ಬಾಯಿಂದ ಮರೆಯಾದಾಗ ಅಕ್ಷರವೂ ಬರವಣಿಗೆಯಿಂದ ಹೋಯಿತು. ಬಾೞ್ ಎಂಬುದು ಬಾಳ್ ಆಯಿತು. ಓದುವುದು ಸುಲಭವಾಯಿತು, ಯಾವ ಳ ಎಲ್ಲಿಂದ ಬಂತೆಂಬ ಗುರುತು ಅಳಿಯಿತು. ಅಮೆರಿಕನ್ನರು ನೇಗಿಲಿನ ಪ್ಲೌ ಪದದಿಂದ ಜಿ-ಎಚ್ ಕಿತ್ತಿದ್ದಾರೆ, ಡೋನಟ್ಟನ್ನೂ ಚಿಕ್ಕದಾಗಿ ಬರೆಯುತ್ತಾರೆ. ಟಫ್, ಕಾಫ್‌ಗಳನ್ನು ಮುಟ್ಟಿಲ್ಲ.

ಕಲಿಯುವವರಿಗೆ ನೆರವಾಗುವ ಒಂದು ಸೂತ್ರವಿದೆ. ಈ ನಾಲ್ಕರ ಮುಂದೆ ಟಿ ಬಂದರೆ ಉಚ್ಚಾರ ಸಾಮಾನ್ಯವಾಗಿ ಆಟ್: ಥಾಟ್, ಬಾಟ್, ಬ್ರಾಟ್, ಸಾಟ್, ಫಾಟ್. ಇವೆಲ್ಲ ಭೂತಕಾಲದ ಕ್ರಿಯಾಪದಗಳಾದ್ದರಿಂದ ಮಕ್ಕಳಿಗೆ ಒಟ್ಟಿಗೇ ಕಲಿಸಬಹುದು. ಬರಗಾಲದ ಡ್ರೌಟ್ ಪದವನ್ನು ಮಾತ್ರ ಬೇರೆಯಾಗಿ ನೆನಪಿಟ್ಟುಕೊಳ್ಳಬೇಕು.