ಕಂಬದಲ್ಲಿ ಉಳಿದ ಯಂತ್ರ: ಹಿರೇಹಡಗಲಿ ಸೀಮೆಯ ಕಡೆದ ಕಂಬಗಳ ತಾಂತ್ರಿಕ ಚರಿತ್ರೆ

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿ, ಮಾಗಳ, ಕುರುವತ್ತಿ ಮೊದಲಾದ ಊರುಗಳು ಕಲ್ಯಾಣ ಚಾಲುಕ್ಯ ವಾಸ್ತುವಿನ ದಟ್ಟ ಸೀಮೆ. ಅಂದಿನ ಬಳ್ಳಾರಿ ಜಿಲ್ಲೆಯ ಈ ಬಗೆಯ ಗುಡಿಗಳ ಕುರಿತ ಅಲೆಕ್ಸಾಂಡರ್ ರೀ ಅವರ ಗ್ರಂಥ 1896ರಲ್ಲಿ ಪ್ರಕಟವಾಯಿತು. ಅಂದಿನಿಂದ ಚರ್ಚೆ ಹೆಚ್ಚಾಗಿ ಬಾಗಿಲವಾಡ, ಶಿಖರ, ಶಿಲ್ಪಗಳ ಸುತ್ತಲೇ ನಡೆದಿದೆ. ಕಡೆದ ಕಂಬವನ್ನು ಶೈಲಿಯ ಒಂದು ಲಕ್ಷಣವೆಂದು ಹೆಸರಿಸಿ ಮುಂದೆ ಸಾಗುವುದು ರೂಢಿ. ಆದರೆ ಈ ಕಂಬ ಮೊದಲಿಗೆ ಒಂದು ಯಂತ್ರದ, ಅಂದರೆ ಕಲ್ಲನ್ನು ತಿರುಗಿಸಿ ಕಡೆಯುವ ತಿರುಗಣೆಯ, ದಾಖಲೆ. ಯಂತ್ರ ಅಳಿದರೂ ಅದರ ಶಕ್ತಿ ಮತ್ತು ಮಿತಿ ಕಲ್ಲಿನಲ್ಲೇ ಬರೆದುಕೊಂಡಿವೆ ಎಂಬುದು ಈ ಲೇಖನದ ವಾದ.

ಕಂಬದ ರೂಪವೇ ಮೊದಲ ಸಾಕ್ಷ್ಯ. ಬುಡ ಚೌಕ, ಮೇಲೆ ಘಂಟೆಯಾಕಾರ, ತೆಳು ಬಳೆಗಳು, ಕಿರಿದಾದ ಕಂಠ, ಬೋದಿಗೆ ಬೇರೆಯೇ ಕಲ್ಲು. ತಿರುಗುವ ಕಲ್ಲಿಗೆ ಉಳಿ ಒಡ್ಡಿದರೆ ಹುಟ್ಟುವುದು ವೃತ್ತ ಮಾತ್ರ. ಆದ್ದರಿಂದ ಚೌಕವಾದುದೆಲ್ಲ ಕೈಕೆಲಸಕ್ಕೆ ಉಳಿಯಿತು, ನಾಲ್ಕು ಕಡೆ ಚಾಚುವ ಬೋದಿಗೆ ಬಿಡಿಯಾಯಿತು. ಅಚ್ಚುಹಲಗೆ ಹಿಡಿದು ಕೈಯಲ್ಲೇ ಇಷ್ಟು ದುಂಡಗೆ ಕೆತ್ತಬಹುದಲ್ಲವೇ ಎಂಬ ಆಕ್ಷೇಪ ಸಹಜ. ಇದೇ ಪರಂಪರೆಯ ನಕ್ಷತ್ರಾಕಾರದ ಕಂಬಗಳನ್ನು ನೋಡಿದರೆ ಶಿಲ್ಪಿಗಳಿಗೆ ಆ ಕೌಶಲವಿತ್ತೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಂಬವನ್ನು ಎಡೆಬಿಡದೆ ಸುತ್ತುವ ಸೂಕ್ಷ್ಮ ಸಮಾಂತರ ಗೀರುಗಳು, ಅಂಚು ಚೂಪಾದ ಆಳದ ತೋಡುಗಳು, ಎಲ್ಲ ಬಳೆಗಳಿಗೂ ಒಂದೇ ಅಕ್ಷ, ಇವು ಮೂರೂ ಒಟ್ಟಿಗೆ ಸಿಗುವುದು ತಿರುಗಣೆಯ ಕೆಲಸದಲ್ಲಿ.

ಅಷ್ಟು ಭಾರದ ಕಲ್ಲು ತಿರುಗೀತೇ ಎಂಬುದು ಎರಡನೆಯ ಆಕ್ಷೇಪ. ಉದಾಹರಣೆಗೆ, 45 ಸೆಂ.ಮೀ. ವ್ಯಾಸದ, 2 ಮೀಟರ್ ಉದ್ದದ ಕಲ್ಲಿನ ದಿಂಡು ಸುಮಾರು 900 ಕಿಲೋ ತೂಗುತ್ತದೆ. ಅಡ್ಡಲಾಗಿ ತೂಗುಹಾಕಿದರೆ ಬಾಗುವ ಒತ್ತಡ ಕಿರಿದಾದ ಕಂಠವನ್ನು ಹೆಚ್ಚು ಬಾಧಿಸುತ್ತದೆ, ಕಲ್ಲಿಗೆ ಎಳೆತ ತಾಳುವ ಗುಣ ಕಡಿಮೆ. ನೆಟ್ಟಗೆ ನಿಲ್ಲಿಸಿದರೆ ಭಾರ ಕೆಳಗಿನ ಗೂಟದ ಮೇಲೆ ನೇರ ಇಳಿಯುತ್ತದೆ, ಮೇಲಿನ ಆಧಾರ ಓಲಾಡದಂತೆ ಹಿಡಿದರೆ ಸಾಕು. ಹೀಗಾಗಿ ನೆಟ್ಟನೆಯ ತಿರುಗಣೆಯೇ ಹೆಚ್ಚು ಸಂಭಾವ್ಯ. ಇಲ್ಲಿ ವಸ್ತು ಸುತ್ತುತ್ತದೆ, ಉಳಿ ನಿಲ್ಲುತ್ತದೆ. ನಿಖರತೆಯನ್ನು ಕಾಯುವುದು ಅಲುಗಾಡದ ಅಕ್ಷ ಮತ್ತು ಗಟ್ಟಿ ಆಧಾರ.

ಇದೆಲ್ಲ ಮೆದುವಾದ ಬಳಪದ ಕಲ್ಲಿನ ಮಹಿಮೆ ಎನ್ನುವವರೂ ಇದ್ದಾರೆ. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲಿನಿಂದ ಬಳಪದ ಕಲ್ಲಿಗೆ ಹೊರಳಿದ್ದು 11ನೇ ಶತಮಾನದ ದೊಡ್ಡ ಬದಲಾವಣೆ, ನಿಜ. ಆದರೆ ಅದೇ ಕಲ್ಲು ಕೈಕುಸುರಿಗೂ ಒಗ್ಗುತ್ತದೆ. ಹಿರೇಹಡಗಲಿಯ ಕಲ್ಲೇಶ್ವರ ಗುಡಿಯ ಬಾಗಿಲವಾಡಗಳೇ ಅದಕ್ಕೆ ಪುರಾವೆ. ಕಲ್ಲು ಅವಕಾಶ ಕೊಟ್ಟಿತು, ಯಂತ್ರವನ್ನು ಆರಿಸಿಕೊಂಡವರು ಮನುಷ್ಯರು. ಒಂದೇ ಗುಡಿಯಲ್ಲಿ ಬಾಗಿಲಿಗೆ ಕೈ, ಕಂಬಕ್ಕೆ ತಿರುಗಣೆ ಎಂಬ ಹಂಚಿಕೆ ಯೋಚಿಸಿದ ಕಾರ್ಯವಿಭಜನೆ. ಹೊಯ್ಸಳರ ಕಾಲದಲ್ಲೂ ಅದು ಮುಂದುವರಿಯಿತು.

ಆದ್ದರಿಂದ ಈ ಕಂಬಗಳ ಅಧ್ಯಯನ ಬಳೆಗಳ ಅಕ್ಷ, ಗೀರುಗಳ ಆಳ, ತೋಡುಗಳ ಅಗಲವನ್ನು ಅಳೆಯುವುದರಿಂದ ಆರಂಭವಾಗಬೇಕು. ಸುಣ್ಣ, ಬಣ್ಣ ಬಳಿದರೆ ಗೀರು ಮುಚ್ಚುತ್ತದೆ, ಉಜ್ಜಿ ನುಣುಪು ಮಾಡಿದರೆ ಅಳಿಸಿಯೇ ಹೋಗುತ್ತದೆ. ಶಿಲ್ಪಕ್ಕೆ ಕೊಡುವ ರಕ್ಷಣೆಯನ್ನು ಆ ಗೀರುಗಳಿಗೂ ಕೊಡಬೇಕು, ಏಕೆಂದರೆ ಕನ್ನಡ ನಾಡಿನ ಯಂತ್ರವಿದ್ಯೆಯ ಒಂದು ಮುಖ್ಯ ಅಧ್ಯಾಯಕ್ಕೆ ಅವೇ ಮೂಲ ಆಕರ.